ಹೆಬ್ಬೆರಳಿನ ಪಕ್ಕದಲ್ಲಿ ಇನ್ನೊಂದು

೧

ಎಲ್ಲಿಂದ ಶುರು ಮಾಡಲಿ? ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂದು ಪುರುಸೊತ್ತಿದ್ದವರು ವಾದ ಮಾಡಿಕೊಂಡು ಕೂರಲಿ. ಈ ಕಥೆಯ ಮಟ್ಟಿಗೆ ಮೊಟ್ಟೆಯೇ ಮೊದಲು. ೧೯೮೪ರ ಬೇಸಿಗೆಯ ಒಂದು ಮಧ್ಯಾಹ್ನ, ರಾಯಚೂರು ಸ್ಟೇಷನ್ನಿನ ಟಾಂಗಾವಾಲ ದಸ್ತಗೀರ್ ಸಾಬ್ ತನ್ನ ಮನೆಯ ಕೋಳಿಗಳು ಇಟ್ಟ ಜವಾರಿ ಮೊಟ್ಟೆಗಳನ್ನು ಬುಟ್ಟಿಯಲ್ಲಿ ಹೊಟ್ಟು ಹಾಕಿ ತಂದು, ಮೌನಪ್ಪ ಮಾಸ್ತರನ ಬಾಡಿಗೆ ಮನೆಯ ಕಟ್ಟೆಯ ಮೇಲಿಟ್ಟು ಹೋದ. ಕೋಳಿ ಬಂದದ್ದು ಆಮೇಲೆ. ಕೂಸು ಬಂದದ್ದು ಅದಕ್ಕೂ ಆಮೇಲೆ.

(ಇದು ಎರಡನೆಯ ಡ್ರಾಫ್ಟು. ಮೊದಲನೆಯದರಲ್ಲಿ ಕಥೆಯನ್ನು ಹೊಟ್ಟೆಯೊಳಗಿನ ಭ್ರೂಣದ ಬಾಯಿಂದಲೇ ಹೇಳಿಸಿದ್ದೆ. ಬಹಳ ಮಾಡರ್ನ್ ಅನಿಸಿತ್ತು. ಮೂರು ಪುಟ ಆದ ಮೇಲೆ ನೆನಪಾಯಿತು, ಬೆರಳು ಮೂಡುವ ಹೊತ್ತಿಗೆ ಅದಕ್ಕೆ ಮಾತಾಡುವಂಥ ಬಾಯಿ ಇರುವುದಿಲ್ಲ. ಹರಿದು ಹಾಕಿದೆ.)

೧, ಮತ್ತೊಮ್ಮೆ

ಇಲ್ಲ, ಕೂಸಿನಿಂದಲೇ ಶುರು ಮಾಡಬೇಕು. ಮೊಟ್ಟೆಗಾಗಿ ಯಾವ ಓದುಗರೂ ಕಣ್ಣೀರು ಹಾಕುವುದಿಲ್ಲ.

ಮುಂಗಾರು ಶುರುವಾದ ಮೇಲೆ ಮೌನಪ್ಪನ ಹೆಂಡತಿ ವೆಂಕಮ್ಮ ಹೆಣ್ಣು ಹೆತ್ತಳು. ಬಲಗೈಗೆ ಐದು ಬೆರಳು, ಎಡಗೈಗೆ ಆರು. ಹೆಚ್ಚಿನದು ಹೆಬ್ಬೆರಳಿನ ಪಕ್ಕದಲ್ಲಿತ್ತು, ಮೆತ್ತಗೆ, ತುದಿಯಲ್ಲಿ ಅಕ್ಕಿಕಾಳಿನಷ್ಟು ಉಗುರು. ವೆಂಕಮ್ಮನ ತವರು ಮಾನ್ವಿ. ಅಲ್ಲಿ ತಾಯಿ ಇಲ್ಲ. ಹಾಗಾಗಿ ಬಾಣಂತನಕ್ಕೆ ಅತ್ತೆ ದುರುಗಮ್ಮನೇ ದೇವದುರ್ಗ ತಾಲೂಕಿನ ಮಸರಕಲ್‌ನಿಂದ ಗಂಟುಮೂಟೆ ಕಟ್ಟಿಕೊಂಡು ರಾಯಚೂರಿಗೆ ಬಂದಿದ್ದಳು. ಆಕೆ ಕೂಸನ್ನು ಎತ್ತಿಕೊಂಡಳು, ಕೈ ನೋಡಿದಳು, ಸೆರಗಿನಿಂದ ಆ ಕೈ ಮುಚ್ಚಿದಳು. ತೊಟ್ಟಿಲಿಗೆ ಹಾಕುವ ಮೊದಲು ಆ ಬೆರಳು ಹೋಗಬೇಕು ಎಂದಳು.

ಹೋಗುವುದು ಹೇಗೆ? ಅವರ ಕಡೆ ಅದಕ್ಕೊಂದು ಪದ್ಧತಿ ಇದೆ. ಕುದುರೆಯ ಬಾಲದ ಕೂದಲನ್ನು ಬೆರಳಿನ ಬುಡಕ್ಕೆ ಬಿಗಿಯಾಗಿ ಕಟ್ಟುವುದು. ರಕ್ತ ನಿಂತು ಬೆರಳು ಕಪ್ಪಾಗಿ, ಒಣಗಿ, ತಾನೇ ಉದುರುತ್ತದೆ. ಆಮೇಲೆ ತೊಟ್ಟಿಲು, ಹೆಸರು, ಸಕ್ಕರೆ. ಆರು ಬೆರಳಿನ ಕೂಸಿಗೆ ಹೆಸರಿಡುವ ಹಾಗಿಲ್ಲ.

ಮೌನಪ್ಪ ಬೇಡವೆಂದ. ಕಥೆ ಇಷ್ಟೇ. ಉಳಿದದ್ದೆಲ್ಲ ನನ್ನ ಜಾಸ್ತಿ ಮಾತು, ಅದನ್ನು ಕಟ್ಟಿ ಉದುರಿಸುವ ಕೂದಲು ಇನ್ನೂ ಸಿಕ್ಕಿಲ್ಲ.

೨

ಮೌನಪ್ಪ ರಾಯಚೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಲೆಕ್ಚರರ್. (ಕಾಲೇಜು ನಾನೇ ಕಟ್ಟಿದ್ದು, ಗ್ರ್ಯಾಂಟ್ ಬಂದಿಲ್ಲ.) ಮಂದಿಯ ಹೊಲದಲ್ಲಿ ಕಸ ಕಿತ್ತು ಓದಿಸಿದ ತಾಯಿಯ ಒಬ್ಬನೇ ಮಗ. ಅವನ ಓಣಿಯಲ್ಲಿ ಅವನಿಗಿಂತ ಮೊದಲು ಪ್ಯಾಂಟಿನೊಳಗೆ ಅಂಗಿ ತುರುಕಿದವರಿರಲಿಲ್ಲ. ಹೈದರಾಬಾದಿನ ಗೆಳೆಯನೊಬ್ಬ ಅವನಿಗೆ ವಿದೇಶಿ ಪತ್ರಿಕೆಯ ಜೆರಾಕ್ಸ್ ಕಳಿಸಿದ್ದ, ಕೋಳಿಮರಿಯ ರೆಕ್ಕೆ ಹೇಗೆ ಮೂಡುತ್ತದೆ ಎಂಬುದರ ಬಗ್ಗೆ. ಅದನ್ನು ಓದಿದಂದಿನಿಂದ ಅವನಿಗೆ ಹುಚ್ಚು ಹಿಡಿಯಿತು.

ಸಂಗತಿ ಇಷ್ಟು. ಮೊಟ್ಟೆಯೊಳಗೆ ರೆಕ್ಕೆ ಮೊದಲು ಒಂದು ಸಣ್ಣ ಮೊಗ್ಗು. ಆ ಮೊಗ್ಗಿನ ಎಲ್ಲ ಜೀವಕೋಶಗಳ ಹತ್ತಿರವೂ ಒಂದೇ ಪಾಠ ಇರುತ್ತದೆ, ಒಂದೇ ಜೀನುಗಳು. ಯಾರು ಯಾವ ಪುಟ ಓದಬೇಕು ಎನ್ನುವುದನ್ನು ಹೇಳುವುದು ಮೊಗ್ಗಿನ ಹಿಂದಿನ ಅಂಚಿನಲ್ಲಿ ಕೂತ ಒಂದು ಚಿಟಿಕೆ ಕೋಶಗಳು. ಅವು ಹುಕುಂ ಹೊರಡಿಸುತ್ತವೆ: ನನ್ನ ಹತ್ತಿರ ಇದ್ದವರು ಈ ಬೆರಳಾಗಿ, ದೂರ ಇದ್ದವರು ಆ ಬೆರಳಾಗಿ. ಆ ಚಿಟಿಕೆಯನ್ನು ಕಿತ್ತು ಇನ್ನೊಂದು ಮರಿಯ ಮೊಗ್ಗಿನ ಮುಂದಿನ ಅಂಚಿಗೆ ಕಸಿ ಮಾಡಿದರೆ ಎರಡೂ ಕಡೆಯಿಂದ ಹುಕುಂ ಬೀಳುತ್ತದೆ. ಮೂರು ಬೆರಳು ಇರಬೇಕಾದ ರೆಕ್ಕೆಯಲ್ಲಿ ಆರು ಮೂಡುತ್ತವೆ, ಕನ್ನಡಿ ಹಿಡಿದ ಹಾಗೆ.

ಇದನ್ನು ರಾಯಚೂರಿನಲ್ಲಿ ಮಾಡಿ ನೋಡಬೇಕೆಂದು ಮೌನಪ್ಪ ಹೊರಟ. ಇಡೀ ಜಗತ್ತಿನ ವಿಜ್ಞಾನಿಗಳು ಮೊಟ್ಟೆಗೆ ಕಾವು ಕೊಡುತ್ತಾರೆ. ಮೇ ತಿಂಗಳ ರಾಯಚೂರಿನಲ್ಲಿ ಮೊಟ್ಟೆಗೆ ಬೀಸಣಿಗೆಯಿಂದ ಗಾಳಿ ಹಾಕಬೇಕು, ಇಲ್ಲದಿದ್ದರೆ ಬುಟ್ಟಿಯಲ್ಲೇ ಬೆಂದು ಹೋಗುತ್ತದೆ. ಮೌನಪ್ಪ ನೀರಿನ ಗಡಿಗೆಯ ಪಕ್ಕ ಒದ್ದೆ ಗೋಣಿಚೀಲ ಹಾಸಿ ಮೊಟ್ಟೆಗಳನ್ನಿಟ್ಟ. ಹೆಂಡತಿಯ ಹೊಲಿಗೆ ಸೂಜಿಯನ್ನು ಕಲ್ಲಿಗೆ ಮಸೆದು ಕಸಿ ಮಾಡಿದ. ಇಪ್ಪತ್ತು ಮೂವತ್ತು ಸತ್ತವು. ಒಂದು ಬದುಕಿತು, ಬಲ ರೆಕ್ಕೆಯಲ್ಲಿ ಆರು ಬೆರಳು. ಕರೆಂಟೂ ಇಲ್ಲದೆ, ಲ್ಯಾಬೂ ಇಲ್ಲದೆ. ಅವತ್ತು ಮೌನಪ್ಪ ಕಾಲೇಜಿನಲ್ಲಿ ಸಿಹಿ ಹಂಚಿದ. ಸಹೋದ್ಯೋಗಿಗಳು ಗಂಡು ಹುಟ್ಟಿತೇ ಎಂದು ಕೇಳಿದರು. ಇಲ್ಲ, ಕೋಳಿ ಎಂದ.

೩

ಈಗ ತಪ್ಪಿನ ವಿಷಯ. ಪ್ರಯೋಗಕ್ಕೆಂದು ತೆಗೆದಿಟ್ಟ, ಇನ್ನೂ ಕಸಿ ಮಾಡದ ಮೊಟ್ಟೆಗಳ ಮೇಲೆ ಮೌನಪ್ಪ ಗುರುತಿಗೆಂದು ಪೆನ್ಸಿಲ್ಲಿನಿಂದ ಕತ್ತರಿ ಗುರುತು ಹಾಕಿದ್ದ. ದುರುಗಮ್ಮ ಊರಿಂದ ಬಂದ ಮರುದಿನ ಅವನ್ನು ನೋಡಿದಳು. ಮಗನಿಗೆ ಎಷ್ಟು ಕಾಳಜಿ, ಬಸುರಿ ತಿನ್ನುವ ಮೊಟ್ಟೆಗೆ ದೃಷ್ಟಿ ತಾಗದಿರಲೆಂದು ಗುರುತು ಹಾಕಿಟ್ಟಿದ್ದಾನೆ ಎಂದು ಹಿಗ್ಗಿದಳು. ಅಡಿಗೆಗೆಂದು ಇದ್ದ ಗುರುತಿಲ್ಲದವನ್ನು ತಾನು ತಿಂದಳು, ಗುರುತಿದ್ದವನ್ನು ಆರಿಸಿ ಆರಿಸಿ ಕುದಿಸಿ ಸೊಸೆಗೆ ತಿನ್ನಿಸಿದಳು. ಮೌನಪ್ಪ ಸಂಜೆ ಬಂದು ನೋಡಿದರೆ ಪ್ರಯೋಗದ ಮೊಟ್ಟೆಗಳ ಸಿಪ್ಪೆ ಮಾತ್ರ ಒಲೆಯ ಪಕ್ಕ ಬಿದ್ದಿತ್ತು.

ಕೂಸು ಹುಟ್ಟಿದ ಮೇಲೆ ಲೆಕ್ಕ ಕೂಡಿತು. ಕೋಳಿಗೂ ಆರು, ಕೂಸಿಗೂ ಆರು. ಬಾಣಂತಿಯನ್ನು ನೋಡಲು ಬಂದವರೆಲ್ಲ ಮೊದಲು ಕೋಳಿಯ ರೆಕ್ಕೆ ಬಿಡಿಸಿ ಎಣಿಸಿದರು, ಆಮೇಲೆ ಕೂಸಿನದು. ದುರುಗಮ್ಮ ಮಗನ ಪ್ರಯೋಗವನ್ನು ಬೈದಳು, ಮಗ ತಾಯಿಯ ಅಡಿಗೆಯನ್ನು ಬೈದ. ಮನುಷ್ಯರ ಬೆರಳು ಮೂಡುವುದು ಬಸುರಿಗೆ ವಾಂತಿ ಶುರುವಾಗುವ ಹೊತ್ತಿಗೆ, ಈಕೆ ಮೊಟ್ಟೆ ತಿಂದದ್ದು ಏಳನೇ ತಿಂಗಳಲ್ಲಿ. ಅಷ್ಟೊತ್ತಿಗೆ ಬೆರಳಿಗೆ ಉಗುರೂ ಬಂದಿರುತ್ತದೆ ಎಂದು ಅವನು ಕೂಗಿ ಹೇಳಿದ. ಹೇಳಿದ ಮೇಲೆ ಹಿತ್ತಲಿಗೆ ಹೋಗಿ, ಕೋಳಿಯನ್ನು ನೋಡುತ್ತ ನಿಂತ. ಅವನಿಗೂ ಎಲ್ಲೋ ಒಂದು ಸಣ್ಣ ಅನುಮಾನ ಹತ್ತಿಕೊಂಡಿತ್ತು. ಎಂಎಸ್ಸಿ ಮಾಡಿದವನಿಗೆ ಹಾಗನಿಸಬಾರದು. ಅನಿಸಿತು.

ಇವರಿಬ್ಬರ ನಡುವೆ ವೆಂಕಮ್ಮನನ್ನು ಕೇಳಿದವರೇ ಇಲ್ಲ. ಆಕೆ ತಾನಾಗಿಯೇ ಮಾತಾಡಿದಳು.

"ಐದು ಬೆರಳು ನಾ ಹಡದೆ, ಆರನೇದನ್ನ ಮೊಟ್ಟಿ ಹಡೀತೇನು? ಆರೂ ನನ್ನವ."

ದಸ್ತಗೀರ್ ಸಾಬ್ ಆ ಕೋಳಿಯನ್ನು ವಾಪಸ್ಸು ಕೇಳಿ ಒಯ್ದ. ಟಾಂಗಾದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹೊರಟರೆ ಗಿರಾಕಿ ತಪ್ಪುತ್ತಿರಲಿಲ್ಲವಂತೆ. ಜನ ಹತ್ತುವಾಗ ಕೋಳಿಗೆ ಕೈ ಮುಗಿದು ಹತ್ತುತ್ತಿದ್ದರು. ಅದೇ ದಸ್ತಗೀರ್ ಸಾಬನ ಹತ್ತಿರವೇ ದುರುಗಮ್ಮ ಕುದುರೆಯ ಬಾಲದ ಕೂದಲು ಕೇಳಿದಳು. ಅವನು ಒಂದು ಎಳೆ ಕಿತ್ತು ತಂದು ಮೌನಪ್ಪನ ಕೈಗಿಟ್ಟ.

"ಕೋಳಿಗೆ ಬಂದ್ರ ಬರ್ಕತ್, ಕೂಸಿಗೆ ಬಂದ್ರ ಕೂದಲ. ಕ್ಯಾ ಹಿಸಾಬ್ ಹೈ ಮಾಸ್ತರ್," ಎಂದ.

೪

ನಾಲ್ಕನೆಯ ಭಾಗದಲ್ಲಿ ಮೌನಪ್ಪ ಮತ್ತು ವೆಂಕಮ್ಮನ ಮದುವೆಯ ಫ್ಲ್ಯಾಶ್‌ಬ್ಯಾಕ್ ಇತ್ತು. ವೆಂಕಮ್ಮ ಅದನ್ನು ಓದಿ ನೋಡಿ, ಈ ಸೀರೆ ನನ್ನದಲ್ಲ, ನಿಮ್ಮ ಮನಸ್ಸಿನಲ್ಲಿ ಯಾರಿದ್ದಾರೋ ಅವರದ್ದು ಎಂದಳು. ತೆಗೆದುಬಿಟ್ಟೆ.

೫

ಮೌನಪ್ಪ ತಾಯಿಗೆ ವಿಜ್ಞಾನ ತಿಳಿಸಿ ಹೇಳಲು ನೋಡಿದ. ಕರಿಹಲಗೆ ಇಲ್ಲದ್ದರಿಂದ ಅಡಿಗೆಮನೆಯ ನೆಲದ ಮೇಲೆ ನೀರಿನಲ್ಲಿ ಗೆರೆ ಎಳೆದ. ಇದು ಮಾನ್ವಿ ಕಡೆಯ ಕಾಲುವೆ ಎಂದುಕೊ ಎಂದ. ತೂಬಿನ ಹತ್ತಿರ ಇರುವವರು ಭತ್ತ ಹಾಕುತ್ತಾರೆ, ನಡುವೆ ಇರುವವರು ಹತ್ತಿ, ನೀರು ಮುಟ್ಟದ ಕೊನೆಯವರು ಜೋಳ. ಮೂರೂ ಬೀಜ ಎಲ್ಲರ ಮನೆಯಲ್ಲೂ ಇರುತ್ತವೆ. ಯಾವುದನ್ನು ಬಿತ್ತಬೇಕು ಎನ್ನುವುದು ನೀರು ಎಷ್ಟು ದೂರ ಬಂತು ಎನ್ನುವುದರ ಮೇಲೆ. ಕೈಯೂ ಹಾಗೇ. ಜೀನುಗಳು ಎಲ್ಲ ಕಡೆ ಅವೇ. ಹುಕುಮಿನ ಹತ್ತಿರ ಇದ್ದದ್ದು ಕಿರುಬೆರಳು, ದೂರ ಇದ್ದದ್ದು ಹೆಬ್ಬೆರಳು.

ದುರುಗಮ್ಮ ಪೂರ್ತಿ ಕೇಳಿದಳು. ಆಮೇಲೆ, ನಮ್ಮ ಮಸರಕಲ್ಲಿಗೆ ಕಾಲುವೆನೇ ಬಂದಿಲ್ಲ, ನನಗೇಕೆ ಹೇಳುತ್ತೀ ಎಂದಳು. ದೇವದುರ್ಗ ಕಡೆಯವರಿಗೆ ಕಾಲುವೆಯ ಉದಾಹರಣೆ ಕೊಡುವುದು ತಪ್ಪು, ಅದು ಮೌನಪ್ಪನಿಗೆ ಹೊಳೆದಿರಲಿಲ್ಲ. (ನನಗೂ ಹೊಳೆದಿರಲಿಲ್ಲ. ಇನ್ನೊಂದು ಉಪಮೆ ಹುಡುಕುತ್ತ ಕೂತರೆ ಕಥೆಯಲ್ಲಿ ಕೂಸು ಲಗ್ನಕ್ಕೆ ಬರುತ್ತದೆ.)

ಅರ್ಥವಾದದ್ದು ಮಾನ್ವಿಯ ವೆಂಕಮ್ಮನಿಗೆ. ಹಾಗಾದರೆ ನಮ್ಮ ಕೂಸಿನ ಕೈಯಲ್ಲಿ ಯಾರೋ ಜೋಳದ ತುದಿಗೆ ಇನ್ನೊಂದು ಸಣ್ಣ ತೂಬು ತೆಗೆದಿದ್ದಾರೆ, ಅಷ್ಟೇ ತಾನೇ ಎಂದಳು. ಮೌನಪ್ಪ ಅಷ್ಟೇ ಎಂದ. ಯಾರು ತೆಗೆದದ್ದು ಎಂದು ಆಕೆ ಕೇಳಿದಾಗ ಅವನ ಹತ್ತಿರ ಉತ್ತರ ಇರಲಿಲ್ಲ.

೬

ಉತ್ತರ ನನ್ನ ಹತ್ತಿರ ಇತ್ತು. ಇಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ.

ನಾನು ಬರೆಯುತ್ತಿರುವುದು ಬಹಳ ವರ್ಷಗಳ ನಂತರ. ಮೌನಪ್ಪನ ಕಾಲದಲ್ಲಿ ಗೊತ್ತಿಲ್ಲದ್ದು ಈಗ ಗೊತ್ತಿದೆ. ಅವನ ಒದ್ದಾಟ ನೋಡಲಾರದೆ ಕಿವಿಯಲ್ಲಿ ಹೇಳಿಬಿಟ್ಟೆ: ಹುಕುಂ ಹೊರಡಿಸುವ ಜೀನು ಒಂದು ಕಡೆ ಇರುತ್ತದೆ, ಅದನ್ನು ಕೈಯಲ್ಲಿ ಹಚ್ಚುವ ಸ್ವಿಚ್ಚು ಬಹಳ ದೂರ, ಇನ್ನೊಂದು ಜೀನಿನ ಹೊಟ್ಟೆಯೊಳಗೆ. ತೂಬು ಮಾನ್ವಿಯಲ್ಲಿ, ಅದರ ಕೀಲಿ ಇನ್ನೆಲ್ಲೋ ಇದ್ದ ಹಾಗೆ. ಆ ಸ್ವಿಚ್ಚಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಸಾಕು, ಹೆಬ್ಬೆರಳಿನ ಕಡೆಯೂ ಹುಕುಂ ಬೀಳಬಹುದು. ಮೊಟ್ಟೆಯದೂ ತಪ್ಪಲ್ಲ, ಅಡಿಗೆಯದೂ ಅಲ್ಲ.

ಮೌನಪ್ಪ ಸಿಟ್ಟಾದ. ೧೯೮೪ರಲ್ಲಿ ಇಲ್ಲದ ವಿದ್ಯೆಯನ್ನು ತನ್ನ ಬಾಯಿಗೆ ತುರುಕಬೇಡಿ, ನಾಳೆ ಯಾರಾದರೂ ಓದಿದವರು ಕೇಳಿದರೆ ತನ್ನ ಮರ್ಯಾದೆ ಏನು ಎಂದ. ಹಾಗೆಂದವನು ಹೋಗಲಿಲ್ಲ, ನಿಂತೇ ಇದ್ದ.

"ಆ ಅಕ್ಷರ ಯಾರ ಕಡಿಂದ ಬರ್ತದ್ರಿ ಸರ?"

ತಾಯಿಯಿಂದಲೂ ಬರಬಹುದು, ತಂದೆಯಿಂದಲೂ ಬರಬಹುದು ಎಂದೆ. ಕೆಲವೊಮ್ಮೆ ಒಂದು ತಲೆಮಾರು ಸದ್ದಿಲ್ಲದೆ ಹೊತ್ತುಕೊಂಡು ಹೋಗಿ ಮುಂದಿನವರಿಗೆ ಕೊಡುತ್ತದೆ ಎಂದೂ ಹೇಳಿದೆ. ಹೇಳಬಾರದಿತ್ತು.

ಮೌನಪ್ಪ ಮಲಗಿದ್ದ ಹೆಂಡತಿಯ ಎಡಗೈ ನೋಡಿದ. ಅಲ್ಲಿ ಏನೂ ಇರಲಿಲ್ಲ. ತನ್ನ ಕೈ ನೋಡಿಕೊಂಡ, ಸುಣ್ಣದ ಬಳಪದ ಪುಡಿ ಬಿಟ್ಟರೆ ಏನೂ ಇಲ್ಲ. ಆಮೇಲೆ ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತ. ತಾಯಿ ರೊಟ್ಟಿ ಬಡಿಯುತ್ತಿದ್ದಳು. ಎಡಗೈಯ ಹೆಬ್ಬೆರಳಿನ ಬುಡದಲ್ಲಿ ಜೋಳದ ಕಾಳಿನಷ್ಟು ಒಂದು ಗಂಟು ಇತ್ತು. ಹುಟ್ಟಿದಾಗಿನಿಂದ ಅದನ್ನು ನೋಡಿದ್ದ. ಕುಡುಗೋಲು ತಾಗಿ ಆದದ್ದು ಎಂದು ಆಕೆ ಹೇಳಿದ್ದಳು, ಅವನು ನಂಬಿದ್ದ.

೭

ಇದನ್ನು ಬರೆಯಬಾರದು ಎಂದು ದುರುಗಮ್ಮ ನನ್ನ ಜೊತೆ ಜಗಳಕ್ಕೆ ನಿಂತಳು. ನನ್ನ ಕೈಯ ಸುದ್ದಿ ನಿನ್ನ ಕಥೆಗೇಕೆ ಎಂದಳು, ನಿನ್ನ ಮನೆಯಲ್ಲಿ ಕೈಗಳಿಲ್ಲವೇ ಎಂದಳು. ಕಥೆಗಾರನ ಅಧಿಕಾರ ಅಂತೆಲ್ಲ ನಾನು ಏನೋ ಗೊಣಗಿದೆ. ಲಟ್ಟಣಿಗೆ ಇದ್ದಿದ್ದರೆ ಎತ್ತುತ್ತಿದ್ದಳು. ಪುಣ್ಯಕ್ಕೆ ಜೋಳದ ರೊಟ್ಟಿಗೆ ಲಟ್ಟಣಿಗೆ ಬೇಕಿಲ್ಲ.

ಮಗ ಬಾಗಿಲಲ್ಲಿ ನಿಂತವನು ಏನನ್ನೂ ಕೇಳಲಿಲ್ಲ. ಕೇಳದಿದ್ದದ್ದಕ್ಕೇ ಆಕೆ ಹೇಳಿದಳು.

"ನನಗೂ ಕಟ್ಟಿದ್ರು. ಏನಾತು? ಇದೇ ಕೈಲೆ ನಿನ್ನ ಸಾಕೀನಿ."

ನೋವಾಗಿತ್ತೇ ಎಂದು ಮೌನಪ್ಪ ಕೇಳಿದ. ಎಳೆಗೂಸಿಗೆ ನೆನಪು ಎಲ್ಲಿ ಬಂತು ಎಂದಳು. ರೊಟ್ಟಿ ತಿರುವಿ ಹಾಕಿದಳು. ಮಗನ ಕಡೆ ನೋಡದೆ ಇನ್ನೊಂದು ಮಾತು ಹೇಳಿದಳು.

"ಚಳಿಗಾಲದಾಗ ತುರಸ್ತದ. ಆ ಬೆರಳು. ಇಲ್ಲದ್ದು."

ಚಿಕ್ಕವನಿದ್ದಾಗ ಮಾಘದ ಮುಂಜಾವಿನಲ್ಲಿ ತಾಯಿ ಹೆಬ್ಬೆರಳಿನ ಪಕ್ಕದ ಗಾಳಿಯನ್ನು ಕೆರೆಯುತ್ತಿದ್ದದ್ದು ಮೌನಪ್ಪನಿಗೆ ನೆನಪಾಯಿತು. ಅದೊಂದು ಚಟ ಎಂದುಕೊಂಡಿದ್ದ. ಅವನಿಗೆ ತಾಯಿಯ ಮೇಲೆ ಬಹಳ ಮರುಕ ಹುಟ್ಟಿತು, ಅಷ್ಟೇ ಸಿಟ್ಟೂ ಬಂತು. ಗೊತ್ತಿದ್ದೂ ನನ್ನ ಪ್ರಯೋಗದ ಮೊಟ್ಟೆಯ ಮೇಲೆ ತಪ್ಪು ಹೊರಿಸಿದೆಯಲ್ಲ, ಗೊತ್ತಿದ್ದೂ ಮೊಮ್ಮಗಳಿಗೆ ಅದನ್ನೇ ಮಾಡಲು ಹೊರಟೆಯಲ್ಲ ಎಂದ.

ದುರುಗಮ್ಮ ಹಿಟ್ಟಿನ ಕೈ ತೊಳೆದುಕೊಂಡಳು.

"ನಮ್ಮನ್ನ ನೋಡೋ ಮಂದಿ ಮೊದಲ ಒಂದು ಐಬು ಹುಡುಕ್ತಾರ ಮಗಾ. ನಾವಾಗೇ ಕೂಸಿನ ಕೈಯಾಗ ಇಟ್ಟು ಕೊಡಬೇಕೇನು?"

ಕಾಲೇಜಿನ ಸ್ಟಾಫ್ ರೂಮಿನಲ್ಲಿ ತನ್ನ ಚಹಾದ ಕಪ್ಪು ಬೇರೆ ಮೊಳೆಗೆ ತೂಗುತ್ತದೆ ಎಂದು ಮೌನಪ್ಪ ತಾಯಿಗೆ ಎಂದೂ ಹೇಳಿರಲಿಲ್ಲ. ಆಕೆಗೆ ಹೇಳಬೇಕಾಗಿಯೂ ಇರಲಿಲ್ಲ. (ಇಲ್ಲಿಯವರೆಗೆ ನಗಿಸುತ್ತ ಬಂದಿದ್ದೆ.)

೮, ಅಥವಾ ಕೊನೆಗಳ ಸಂತೆ

ಕೊನೆ ಒಂದು. ತೊಟ್ಟಿಲಿನ ದಿನಕ್ಕೆ ಮೊದಲು ಅಜ್ಜಿ ಕೂದಲು ಕಟ್ಟುತ್ತಾಳೆ. ಬೆರಳು ಉದುರುತ್ತದೆ, ಬೇವಿನ ಮರದ ಬುಡದಲ್ಲಿ ಹೂಳುತ್ತಾರೆ. ಹುಡುಗಿ ಎಲ್ಲರ ಹಾಗೆ ಬೆಳೆಯುತ್ತಾಳೆ.

ವೆಂಕಮ್ಮ ಇದನ್ನು ಓದಿ, ಆ ಹೊತ್ತಿನಲ್ಲಿ ನನ್ನನ್ನು ಎಲ್ಲಿಗೆ ಕಳಿಸಿದ್ದಿರಿ, ನೀರು ತರಲಿಕ್ಕೇನು ಎಂದು ಕೇಳಿದಳು. ನಿಜವಾಗಿ ನೀರು ತರಲಿಕ್ಕೇ ಕಳಿಸಿದ್ದೆ. ಆಕೆ ಮನೆಯಲ್ಲಿದ್ದರೆ ಈ ಕೊನೆ ಆಗುವುದಿಲ್ಲ.

ಕೊನೆ ಎರಡು. ಹೈದರಾಬಾದಿನ ದೊಡ್ಡ ಡಾಕ್ಟರು ಹುಡುಗಿ ಸ್ವಲ್ಪ ಬೆಳೆದ ಮೇಲೆ ನೋವಾಗದಂತೆ ತೆಗೆಯುತ್ತಾರೆ. ವಿಜ್ಞಾನಕ್ಕೆ ಜಯ.

ಇದಕ್ಕೆ ಮೌನಪ್ಪನೇ ಒಪ್ಪಲಿಲ್ಲ. ತಾನು ಒಮ್ಮೆ ಯಾರನ್ನೂ ಕೇಳದೆ ಒಂದು ಜೀವದ ಬೆರಳಿನ ಲೆಕ್ಕ ಬದಲಿಸಿದ್ದೇನೆ, ಈಗ ಆ ಕೋಳಿ ಟಾಂಗಾದಲ್ಲಿ ಕೂತು ನಮಸ್ಕಾರ ತೆಗೆದುಕೊಳ್ಳುತ್ತಿದೆ, ಅಷ್ಟು ಸಾಕು ಎಂದ.

ಕೊನೆ ಮೂರು. ಬೆರಳು ಉಳಿಯುತ್ತದೆ. ಹುಡುಗಿ ಹನ್ನೊಂದು ಬೆರಳಿನಲ್ಲಿ ಟೈಪಿಂಗ್ ಕಲಿತು, ಇಡೀ ಜಿಲ್ಲೆಗೆ ಫಸ್ಟ್ ಬಂದು, ದೆಹಲಿಯಲ್ಲಿ ಪದಕ ತೆಗೆದುಕೊಳ್ಳುತ್ತಾಳೆ. ಫೋಟೋದಲ್ಲಿ ಪಕ್ಕದಲ್ಲಿ ಕೋಳಿ.

ಇದಕ್ಕೆ ಮೂವರೂ ನಕ್ಕರು. ದುರುಗಮ್ಮ ಈ ಕಥೆಯಲ್ಲಿ ಮೊದಲ ಸಲ ನಕ್ಕದ್ದು ಆಗಲೇ. ಆರು ಬೆರಳಿನಿಂದ ಕಸ ಕಿತ್ತರೂ ಧಣಿ ಐದು ಬೆರಳಿನ ಕೂಲಿಯನ್ನೇ ಕೊಡುತ್ತಾನೆ ತಮ್ಮಾ, ನಿನಗೆ ಗೊತ್ತಿಲ್ಲ ಎಂದಳು.

ನಾಲ್ಕನೆಯ ಕೊನೆ ನನಗೆ ಹೊಳೆಯಲಿಲ್ಲ.

೯, ಇನ್ನೂ ನಡೆಯುತ್ತಿದೆ

ತೊಟ್ಟಿಲಿನ ದಿನ ಬಂತು. ಬೆರಳು ಉದುರಲು ದಿನ ಉಳಿದಿರಲಿಲ್ಲ, ತೊಟ್ಟಿಲಿಗೆ ಹಾಕುವ ಮೊದಲು ಗಂಟಾದರೂ ಬೀಳಲಿ ಎಂದಳು ದುರುಗಮ್ಮ. ಮಸರಕಲ್ಲಿನ ಮಂದಿ ದೇವದುರ್ಗದ ಬಸ್ಸಿಗೆ, ಮಾನ್ವಿಯ ಮಂದಿ ಮಾನ್ವಿಯ ಬಸ್ಸಿಗೆ ಬಂದಿಳಿದರು. ಹೊರಗೆ ಮಾತು, ಒಳಗೆ ಬೆಳಕು ಕಡಿಮೆ. ದುರುಗಮ್ಮ ಗೋಡೆಗೆ ಆನಿಕೊಂಡು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಾಳೆ. ಮಗನ ಅಂಗಿಯ ಜೇಬಿನಲ್ಲಿ ಸಿಕ್ಕ ಕುದುರೆಯ ಕೂದಲನ್ನು ಆರನೇ ಬೆರಳಿನ ಬುಡಕ್ಕೆ ಸುತ್ತಿ, ಎರಡೂ ತುದಿಗಳನ್ನು ಹಿಡಿದಿದ್ದಾಳೆ. ಇನ್ನೂ ಎಳೆದಿಲ್ಲ.

ಮೌನಪ್ಪ ಒಂದು ಮಗ್ಗುಲಲ್ಲಿ, ವೆಂಕಮ್ಮ ಇನ್ನೊಂದು ಮಗ್ಗುಲಲ್ಲಿ ಕೂತಿದ್ದಾರೆ. ಕೂದಲನ್ನು ಕಿತ್ತುಕೊಳ್ಳಲು ಇಬ್ಬರಿಗೂ ಬರುತ್ತದೆ. ಆದರೆ ಕಿತ್ತುಕೊಂಡರೆ ಬೆರಳು ಇವತ್ತು ಮಾತ್ರ ಉಳಿಯುತ್ತದೆ, ನಾಳೆ ಇನ್ನೊಂದು ಕೂದಲು ಬರುತ್ತದೆ. ಆಕೆಯೇ ಬಿಡಬೇಕು. ಅದು ಅವರಿಗೆ ಗೊತ್ತು.

ಕೂಸು ಕೈ ಆಡಿಸಿತು. ಆರನೇ ಬೆರಳು ಮಡಚಿತು. ಒಳಗೆ ಏನೂ ಇಲ್ಲದ ಮಾಂಸದ ತುಣುಕು ಎಂದು ದುರುಗಮ್ಮ ಎಲ್ಲರಿಗೂ ಹೇಳಿದ್ದಳು. ಅದು ಹೆಬ್ಬೆರಳಿನ ಜೊತೆಗೆ ಸೇರಿ ಆಕೆಯ ಸೆರಗಿನ ಅಂಚನ್ನು ಹಿಡಿಯಿತು. ಆಕೆ ಅದನ್ನೇ ನೋಡುತ್ತ ಕೂತಳು.

ಈಗ ಓದುಗರೇ, ನಿಮಗೊಂದು ಮಾತು. ಈ ಬಗೆಯ ಕಥೆಗಳನ್ನು ಕೊನೆ ಇಲ್ಲದೆ ಬಿಡುವುದು ಒಂದು ಶೋಕಿ ಎಂದು ನೀವು ಅಂದುಕೊಂಡಿರಬಹುದು. ನಾನೂ ಹಿಂದೆ ಶೋಕಿಗೇ ಬಿಟ್ಟವನು. ಇವತ್ತು ಹಾಗಲ್ಲ. ನಾನು ಇನ್ನೊಂದು ವಾಕ್ಯ ಬರೆದರೆ ಆಕೆಯ ಕೈ ಒಂದೋ ಬಿಗಿಯಬೇಕು, ಇಲ್ಲವೇ ಬಿಡಬೇಕು. ಬಿಟ್ಟಳು ಎಂದು ಬರೆಯುವ ಹಕ್ಕು ನನಗಿಲ್ಲ. ಮಂದಿಯ ಕಣ್ಣನ್ನು ಇಷ್ಟು ವರ್ಷ ತಡೆದುಕೊಂಡವಳು ಆಕೆ, ನಾನಲ್ಲ. ಬಿಗಿದಳು ಎಂದು ಬರೆಯಲು ನನ್ನಿಂದ ಆಗುವುದಿಲ್ಲ.

ಹೊರಗಿನಿಂದ ಯಾರೋ ತೊಟ್ಟಿಲು ಸಜ್ಜಾಯಿತು ಎಂದು ಕೂಗಿದರು. ದುರುಗಮ್ಮ ತಲೆ ಎತ್ತಿ ನನ್ನನ್ನು ನೋಡಿದಳು.

"ಎಷ್ಟೊತ್ತು ಹಿಂಗ ಹಿಡ್ಕೊಂಡು ಕುಂದ್ರಲಿ ಯಪ್ಪಾ? ಕೈ ಸೋತಾವ."

"ಕುಂದ್ರು ಯವ್ವಾ," ಎಂದೆ. "ನಾನೂ ಕುಂತೀನಿ."